ಕಿರುಬೆರಳಿನ ಆಸರೆ ಇಲ್ಲದೆ

ಬೋರ್ಡು ಬರೆಯುವವನ ಕೈ ನಿಲ್ಲುವುದು ಕಿರುಬೆರಳಿನ ಮೇಲೆ. ನೋಡುವವರಿಗೆ ಬ್ರಶ್ ಹಿಡಿದ ಮೂರು ಬೆರಳು ಕಾಣುತ್ತವೆ. ಆದರೆ ತಗಡಿನ ಮೇಲೆ ಊರಿಕೊಂಡು ಇಡೀ ಕೈಯ ಭಾರ ಹೊರುವುದು ಆ ಸಣ್ಣ ಬೆರಳು. ಅದು ಅಲುಗದಿದ್ದರೆ ಗೆರೆ ಅಲುಗುವುದಿಲ್ಲ. ನನ್ನ ಗೆರೆ ಅಲುಗುವುದಿಲ್ಲ ಎಂದು ದಾಂಡೇಲಿಯ ಪೇಟೆಯಲ್ಲಿ ಹೆಸರಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಕಾಗದದ ಮಿಲ್ಲು, ಕಟ್ಟಿಗೆಯ ಲಾರಿಗಳು, ದಿನಕ್ಕೊಂದು ಹೊಸ ಅಂಗಡಿ. ಬೋರ್ಡಿಗೆ ಬರಗಾಲ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಬಟ್ಟೆ ಅಂಗಡಿಯೊಂದರ ದೊಡ್ಡ ಬೋರ್ಡನ್ನು ಅಂಗಡಿಯ ಮುಂದೆಯೇ ಇಟ್ಟಂಗಿಗಳ ಮೇಲೆ ಮಲಗಿಸಿಕೊಂಡು ಬೆಳಗಿನಿಂದ ಬರೆದೆ. ಮಧ್ಯಾಹ್ನ ಬಿಸಿಲು ನೇರ ತಗಡಿನ ಮೇಲೆ ಬಿತ್ತು. ನಾನು ಬರೆಯುತ್ತಲೇ ಇದ್ದೆ. ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತಾಗ ನನ್ನ ಹೆಂಡತಿ ಶಾಂತಾ ರೊಟ್ಟಿ ಹಾಕಲು ಬಗ್ಗಿದವಳು ಹಾಗೆಯೇ ನಿಂತಳು.

"ನಿಮ್ಮ ಬೆರಳಿಗೆ ಏನಾತು?"

ಕಿರುಬೆರಳಿನ ಹೊರಬದಿಗೆ ಉದ್ದಕ್ಕೂ ನೀರು ತುಂಬಿದ ಗುಳ್ಳೆ ಎದ್ದಿತ್ತು.

"ಸುಟ್ಟೈತಲ್ರಿ ಇದು! ಉರ್ಯಾಕತ್ತಿಲ್ಲೇನು?"

"ಇಲ್ಲ" ಎಂದೆ. ನಿಜವಾಗಿಯೂ ಉರಿಯುತ್ತಿರಲಿಲ್ಲ. ಇಬ್ಬರೂ ಆ ಬೆರಳನ್ನು ಯಾರೋ ನಮ್ಮ ಮನೆಯಲ್ಲಿ ಮರೆತುಹೋದ ವಸ್ತುವಿನಂತೆ ನೋಡಿದೆವು.

ನಾನು ಎಂಥವನಾಗಿದ್ದೆ ಎಂದು ಇಲ್ಲಿ ಹೇಳಬೇಕು. ದಾರಕ್ಕೆ ಸುಣ್ಣದ ಪುಡಿ ಬಳಿದು, ಎರಡು ತುದಿ ಬಿಗಿದು, ಮೀಟಿ ಗೆರೆ ಹಾಕದೆ ಒಂದು ಅಕ್ಷರವನ್ನೂ ಬರೆದವನಲ್ಲ. ಮನೆಯಲ್ಲೂ ಹಾಗೆಯೇ. ಗೂಟಕ್ಕೆ ಹಾಕಿದ ಅಂಗಿ ಓರೆಯಾಗಿದ್ದರೆ ಎದ್ದುಹೋಗಿ ಸರಿ ಮಾಡುತ್ತಿದ್ದೆ. ಅನ್ನದ ಪಾತ್ರೆಯ ಮುಚ್ಚಳ ಒಂದು ಕಡೆ ವಾಲಿದ್ದರೆ ಊಟ ರುಚಿಸುತ್ತಿರಲಿಲ್ಲ. ಮಗಳು ಪುಷ್ಪಾ ಪಾಟಿಯ ಮೇಲೆ ಬರೆದ ಅಕ್ಷರಗಳನ್ನು ಅಳಿಸಿ ನಾನೇ ಮತ್ತೆ ಬರೆದು ಕೊಡುತ್ತಿದ್ದೆ. "ಮಾಸ್ತರು ಕೇಳಿದ್ದು ಆಕಿ ಬರದದ್ದನ್ನ, ನೀವು ಬರದದ್ದನ್ನಲ್ಲ" ಎಂದು ಶಾಂತಾ ಅನ್ನುತ್ತಿದ್ದಳು. ನಾನು ಕೇಳುತ್ತಿರಲಿಲ್ಲ.

ಊರಿನ ಡಾಕ್ಟರು ಮುಲಾಮು ಕೊಟ್ಟರು, ಶಕ್ತಿಗೆಂದು ಸೂಜಿ ಚುಚ್ಚಿದರು. ಗುಳ್ಳೆ ಮಾಯಿತು. ಆದರೆ ಮಳೆಗಾಲದ ಹೊತ್ತಿಗೆ ಕಿರುಬೆರಳೂ ಅದರ ಪಕ್ಕದ ಬೆರಳೂ ಒಳಕ್ಕೆ ಮಡಚಿಕೊಳ್ಳತೊಡಗಿದವು. ಮೊಣಕೈಯಲ್ಲಿ ಎಲ್ಲೋ ಒಂದು ನರ ಹಗ್ಗದ ಹಾಗೆ ದಪ್ಪವಾಗಿತ್ತು. ಹಾರ್ಡ್‌ವೇರ್ ಅಂಗಡಿಯವರು ತಮ್ಮ ಹೊಸ ಬೋರ್ಡನ್ನು ಬಹಳ ಹೊತ್ತು ನೋಡಿ, "ಗಂಗಣ್ಣ, ಈ 'ಶ್ರೀ' ಯಾಕೋ ನಡುಗಿದಂಗ ಕಾಣಸ್ತೈತಲ್ಲ" ಎಂದರು. ನಾನು ತಗಡಿನ ತಪ್ಪು ಎಂದೆ.

ಕೊನೆಗೆ ಶಾಂತಾ ನನ್ನನ್ನು ಹುಬ್ಬಳ್ಳಿಯ ದವಾಖಾನೆಗೆ ಒತ್ತಾಯದಿಂದ ಕರೆದುಕೊಂಡು ಹೋದಳು. ಚರ್ಮದ ವಿಭಾಗದ ಮುಂದೆ ಉದ್ದ ಬೆಂಚು. ಅಲ್ಲಿ ಕುಳಿತವರು ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಎದುರಿನ ಗೋಡೆ ನೋಡುತ್ತಿದ್ದರು. ಗೋಡೆಯ ಮೇಲೆ 'ಶಾಂತತೆ ಕಾಪಾಡಿ' ಎಂದು ಬರೆದಿತ್ತು. ಅಕ್ಷರಗಳ ನಡುವಿನ ಅಂತರ ಸರಿ ಇರಲಿಲ್ಲ. ಅದನ್ನೇ ನೋಡುತ್ತ ಅರ್ಧ ದಿನ ಕಳೆದೆ.

ಡಾಕ್ಟರು ನಡುವಯಸ್ಸಿನ ಹೆಂಗಸು. "ಕಣ್ಣು ಮುಚ್ಕೋರಿ. ಹತ್ತಿ ಎಲ್ಲಿ ಮುಟ್ಟತೈತೋ ಅಲ್ಲಿ ಎಡಗೈಲೆ ತೋರಸ್ರಿ" ಎಂದರು. ನಾನು ಕಣ್ಣು ಮುಚ್ಚಿ ಕಾದೆ. ಎಲ್ಲಿಯೂ ಏನೂ ಮುಟ್ಟಲಿಲ್ಲ. ಇನ್ನೂ ಶುರು ಮಾಡಿಲ್ಲವೇನೋ ಎಂದುಕೊಂಡು ಕಾಯುತ್ತಲೇ ಇದ್ದೆ. ಆಗ ಪಕ್ಕದಲ್ಲಿ ಶಾಂತಾಳ ಉಸಿರು ಕೇಳಿಸಿತು. ಕಣ್ಣು ತೆರೆದೆ. ಹತ್ತಿ ನನ್ನ ಅಂಗೈಯ ಅಂಚಿನ ಮೇಲೇ ಇತ್ತು.

"ಇದು ಕುಷ್ಠದ ಬ್ಯಾನಿ" ಎಂದರು ಡಾಕ್ಟರು. "ಗುಣಾ ಆಗ್ತೈತಿ. ಈಗ ಹೊಸಾ ಔಷಧ ಬಂದಾವು."

ನಾನು ಕೇಳಿಸಿಕೊಂಡದ್ದು ಮೊದಲ ಮಾತು ಮಾತ್ರ. ಉಳಿದದ್ದನ್ನು ಶಾಂತಾ ಕೇಳಿಸಿಕೊಂಡಳು, ಪ್ರಶ್ನೆಯನ್ನೂ ಅವಳೇ ಕೇಳಿದಳು. "ಮನ್ಯಾಗ ಸಣ್ಣ ಹುಡುಗಿ ಅದಾಳ್ರಿ."

"ಆಕೀನೂ ಒಮ್ಮೆ ಕರಕೊಂಡು ಬರ್ರಿ, ನೋಡೂಣು. ಔಷಧ ಶುರು ಆತಂದ್ರ ಇವರಿಂದ ಯಾರಿಗೂ ಹತ್ತಂಗಿಲ್ಲ. ಆದ್ರ ಹೋದ ನರ ಪೂರ್ತಿ ತಿರುಗಿ ಬರ್ತೈತಿ ಅಂತ ಮಾತ್ರ ನಾ ಹೇಳಂಗಿಲ್ಲ."

ತಿರುಗಿ ಬರುವಾಗ ಹಳಿಯಾಳದಲ್ಲಿ ಬಸ್ಸು ನಿಂತಾಗ ಶಾಂತಾ ಇಳಿದುಹೋಗಿ ಬಾಳೆಹಣ್ಣು ತಂದಳು. ಒಂದನ್ನು ಸುಲಿದು ನನ್ನ ಎಡಗೈಗೆ ಕೊಟ್ಟಳು. ತಿಂದೆ. ಇಂಥ ದಿನ ಅಳು ಬರಬೇಕು ಎಂದು ಗೊತ್ತಿತ್ತು. ಹಣ್ಣು ಸ್ವಲ್ಪ ಕಾಯಿ ಇತ್ತು. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಪುಷ್ಪಾಳನ್ನು ತೋರಿಸಿ ಬಂದೆವು. ಅವಳಿಗೆ ಏನೂ ಇರಲಿಲ್ಲ. ಆದರೂ ಸುದ್ದಿ ಮುಂಡಗೋಡ ಮುಟ್ಟಿತು. ಅಲ್ಲಿ ಶಾಂತಾಳ ಅಣ್ಣನಿಗೆ ಕಿರಾಣಿ ಅಂಗಡಿ ಇತ್ತು. ಅವರು ಒಂದು ಬೆಳಿಗ್ಗೆ ಬಂದು ಅಂಗಳದಲ್ಲೇ ನಿಂತರು. ಚಪ್ಪಲಿ ಬಿಡಲಿಲ್ಲ. ಕೆಟ್ಟ ಮನುಷ್ಯ ಅಲ್ಲ, ಹೆದರಿದ್ದರು.

"ಶಾಂತಾ, ಪುಷ್ಪಾನ ಕರಕೊಂಡು ನಡಿ. ಆಕೀನ ಅಲ್ಲೇ ಸಾಲಿಗೆ ಹಾಕೂಣು."

"ಪುಷ್ಪಾನ ಕರಕೊಂಡು ಹೋಗಣ್ಣಾ. ಇಲ್ಲಿ ಸಾಲ್ಯಾಗ ಆಕೀ ಹಂತ್ಯಾಕ ಯಾರೂ ಕೂಡವಲ್ರು. ನಾ ಬರಂಗಿಲ್ಲ."

"ಯಾಕ?"

"ಇವರ ಅಂಗಿ ಗುಂಡಿ ಯಾರ ಹಾಕವ್ರು?"

ಅವಳು ಅದನ್ನು ದೊಡ್ಡ ಮಾತಿನಂತೆ ಹೇಳಲಿಲ್ಲ. ಗುಂಡಿ ಹಾಕಿಕೊಳ್ಳಲು ನನಗೆ ಆಗಲೇ ಆಗುತ್ತಿರಲಿಲ್ಲ.

ಪುಷ್ಪಾ ಮಾವನ ಕೈ ಹಿಡಿದು ಹೋದಳು. ಓಣಿಯ ತಿರುವಿನಲ್ಲಿ ತಿರುಗಿ ಕೈ ಬೀಸಿದಳು. ನಾನೂ ಬೀಸಿದೆ. ಒಳಗೆ ಬಂದು ನೋಡಿದರೆ ಅವಳ ಚೀಲ ತೂಗುಹಾಕುತ್ತಿದ್ದ ಗೂಟ ಸ್ವಲ್ಪ ಕೆಳಕ್ಕೆ ಬಾಗಿತ್ತು. ಅದನ್ನು ಸರಿ ಮಾಡಬೇಕು ಅನಿಸಲಿಲ್ಲ. ಹಾಗೆ ಅನಿಸದೇ ಹೋದದ್ದು ಅದೇ ಮೊದಲ ಸಲ.

ಔಷಧಿಗೆ ಅದರದೇ ಬಣ್ಣವಿತ್ತು. ದಿನಾ ನುಂಗುವ ಗುಳಿಗೆಗಳಲ್ಲಿ ಒಂದು ನನ್ನ ಮೈಯನ್ನು ಕಪ್ಪು ಮಾಡುತ್ತ ಬಂತು. ಮುಖ ಮೊದಲು, ಆಮೇಲೆ ಕೈ. ಕಬ್ಬಿಣದ ಬಾಗಿಲಿಗೆ ಹೊಡೆಯುವ ಕೆಂಗಂದು ಬಣ್ಣಕ್ಕೆ ಕರಿ ಬೆರೆಸಿದ ಹಾಗೆ. ಪೇಟೆಯಲ್ಲಿ ತಿಳಿದವರಿಗೆ ತಿಳಿಯಿತು, ಅವರಿಂದ ಉಳಿದವರಿಗೂ. ಓಣಿಯಲ್ಲಿ ಯಾರೂ ಬೈಯಲಿಲ್ಲ, ಕಲ್ಲು ಎಸೆಯಲಿಲ್ಲ. ನಮ್ಮ ಮನೆಯ ಮುಂದೆ ಬಂದಾಗ ಎದುರು ಬದಿಗೆ ದಾಟಿ ನಡೆದರು, ಅಷ್ಟೇ. ಎದುರು ಮನೆಯ ಹಸೀನಾಬಿ, ಲಾರಿ ಮೆಕ್ಯಾನಿಕ್‌ನ ಹೆಂಡತಿ, ಶಾಂತಾಳಿಗೆ ಅಕ್ಕನಂತಿದ್ದವಳು. ಅವಳೂ ಬಾಗಿಲು ಅರ್ಧ ಮುಚ್ಚಿಕೊಂಡು ಕಸ ಗುಡಿಸತೊಡಗಿದಳು. ಕಣ್ಣು ಸೇರಿದರೆ ಒಳಗೆ ಹೋಗಿಬಿಡುತ್ತಿದ್ದಳು.

ಇದರ ನಡುವೆ ಒಳ್ಳೆಯದೂ ಆಗುತ್ತಿತ್ತು. ಬಟ್ಟೆ ಅಂಗಡಿಯವರು ಹೇಳದೆ ಕೇಳದೆ ಲಂಗ ಹೊಲಿಯುವ ಕೆಲಸವನ್ನು ಶಾಂತಾಳಿಗೆ ಕಳಿಸತೊಡಗಿದರು. ಯಾಕೆ ಎಂದು ನಾವು ಕೇಳಲಿಲ್ಲ.

ತಿಂಗಳಿಗೊಮ್ಮೆ ಹಳಿಯಾಳಕ್ಕೆ ಹೋಗಬೇಕಿತ್ತು. ಅಲ್ಲಿ ನರ್ಸಿನ ಎದುರೇ ಒಂದು ದೊಡ್ಡ ಗುಳಿಗೆ ನುಂಗಿ, ಉಳಿದ ದಿನಗಳ ಔಷಧಿ ತೆಗೆದುಕೊಂಡು ಬರಬೇಕು. ನಮ್ಮನ್ನು ಕೂರಿಸುತ್ತಿದ್ದದ್ದು ಹಿಂಬದಿಯ ಜಗಲಿಯ ಮೇಲೆ. ಮೊದಲ ಸಲ ಹೋದಾಗ ಬೆಂಚಿನ ಮೇಲಿದ್ದವರು ನನಗೆ ಜಾಗ ಬಿಡಲು ದೂರ ಸರಿದರು. ಒಬ್ಬ ಮಾತ್ರ ಹತ್ತಿರ ಸರಿದ. ಹೆಸರು ಬಸ್ತ್ಯಾಂವ. ಹಳಿಯಾಳದ ಕಾಡಂಚಿನ ಹಳ್ಳಿಯವನು, ಸಿದ್ದಿ ಜನಾಂಗದವನು, ಗದ್ದೆ ಕೆಲಸ ಮಾಡುವವನು. ಅವನ ಎಡಗಾಲಿಗೆ ಪಟ್ಟಿ ಕಟ್ಟಿತ್ತು.

"ಹೊಸಬರೇನ್ರಿ? ಆ ದೊಡ್ಡ ಗುಳಗಿ ನುಂಗಿದ ದಿನಾ ಕೆಂಪ ಹೋಕ್ಕೈತಿ. ಅಂಜಬ್ಯಾಡ್ರಿ."

"ಏನು ಕೆಂಪು?"

"ಏನಂದ್ರ? ನಿಂತ ಮಾಡೂದು." ಅವನು ದನಿ ತಗ್ಗಿಸಲಿಲ್ಲ. "ನನಗ ಯಾರೂ ಹೇಳಿದ್ದಿಲ್ಲ. ಬೇಲಿ ಹಂತ್ಯಾಕ ನಿಂತಾವ ಕೂಗಿಬಿಟ್ಟೆ, ಸತ್ತೆ ಅಂತ. ಹೆಂಡ್ತಿ ಕುಡಗೋಲು ಹಿಡಕೊಂಡ ಓಡಿ ಬಂದ್ಲು, ಹಾವು ಬಂತಂತ ತಿಳದು."

ನನ್ನ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು. ಅದು ನಗು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಸ್ತ್ಯಾಂವ ನನ್ನ ಬಲಗೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಕೊಂಡುಕೊಳ್ಳುವವನಂತೆ ತಿರುವಿ ನೋಡಿ, ಮತ್ತೆ ನನಗೇ ವಾಪಸು ಕೊಟ್ಟ. ಆಮೇಲಿನ ತಿಂಗಳುಗಳಲ್ಲಿ ನಾನು ಆ ಜಗಲಿಗೆ ಹೋಗುತ್ತಿದ್ದದ್ದು ಅರ್ಧ ಔಷಧಿಗೆ, ಅರ್ಧ ಅವನಿಗೆ.

ಕೆಲಸ ಬಿಡಬಾರದು ಎಂದು ನಾನು ಪಟ್ಟು ಹಿಡಿದಿದ್ದೆ. ಬ್ರಶ್ಶಿನ ಹಿಡಿಕೆಗೆ ಚಿಂದಿ ಸುತ್ತಿ ದಪ್ಪ ಮಾಡಿದೆ. ಎಡಗೈಯಿಂದ ಬರೆದು ನೋಡಿದೆ. ಬ್ರಶ್ಶನ್ನು ಕೈಗೆ ಪಟ್ಟಿಯಿಂದ ಬಿಗಿದು ಕಟ್ಟಿಸಿಕೊಂಡೆ. ಒಬ್ಬ ಲಾರಿ ಮಾಲೀಕರು ಹಳೆಯ ವಿಶ್ವಾಸಕ್ಕೆ ಕರೆದು, ಲಾರಿಯ ಹಣೆಯ ಮೇಲೆ ಹೆಸರು ಬರೆಯಲು ಕೊಟ್ಟರು. ಎರಡು ಅಕ್ಷರ ಬರೆಯುವಷ್ಟರಲ್ಲಿ ಗೆರೆ ಕೆಳಕ್ಕೆ ಜಾರಿತು. ಒರೆಸಿ ಬರೆದೆ. ಮತ್ತೆ ಜಾರಿತು. ಕೈ ಏನು ಮಾಡುತ್ತಿದೆ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು. ಕಣ್ಣು ತಿಳಿಯುವಷ್ಟರಲ್ಲಿ ಕೈ ಮಾಡಿ ಮುಗಿಸಿರುತ್ತಿತ್ತು.

"ಇರ್ಲಿ ಬಿಡ್ರಿ ಗಂಗಣ್ಣ, ಆಮ್ಯಾಲೆ ಮಾಡಿದ್ರಾತು" ಎಂದರು ಮಾಲೀಕರು.

ಮರುದಿನ ಅದೇ ಲಾರಿಯ ಮುಂದೆ ಇನ್ನೊಬ್ಬ ಪೇಂಟರು ಟರ್ಪೆಂಟೈನ್ ಹಚ್ಚಿದ ಅರಿವೆಯಿಂದ ನನ್ನ ಅಕ್ಷರಗಳನ್ನು ಒರೆಸುತ್ತಿದ್ದರು. ನಾನು ಆ ಕಡೆಯಿಂದ ಹಾದುಹೋದೆ. ಎದೆಯಲ್ಲಿ ಏನೂ ಆಗಲಿಲ್ಲ. ಹತ್ತಿ ಮುಟ್ಟಿದಾಗಲೂ ಕೈಯಲ್ಲಿ ಹೀಗೆಯೇ ಏನೂ ಆಗಿರಲಿಲ್ಲ.

ಆ ಚಳಿಗಾಲವೆಲ್ಲ ನಾನು ಹಿತ್ತಲಿನ ಕಟ್ಟೆಯ ಮೇಲೆ ಕುಳಿತೆ. ದಿನಾ ಸಂಜೆ ಡಾಕ್ಟರು ಹೇಳಿದ್ದಂತೆ ಕೈಕಾಲು ತಿರುವಿ ನೋಡಿ ಎಲ್ಲಾದರೂ ಗಾಯವಾಗಿದೆಯೇ ಎಂದು ಹುಡುಕುವುದು. ಅದೊಂದೇ ನನ್ನ ಉದ್ಯೋಗ. ಬ್ರಶ್ಶುಗಳನ್ನು ಯಾರಿಗಾದರೂ ಕೊಟ್ಟುಬಿಡುವುದೆಂದು ತೀರ್ಮಾನ ಮಾಡಿದೆ. ಒಂದು ಮಧ್ಯಾಹ್ನ ಶಾಂತಾ ಹೊಲಿಗೆಯಿಂದ ತಲೆ ಎತ್ತಿ, "ಬಣ್ಣದ ಡಬ್ಬಿ ಸುಮ್ನ ಬಿದ್ದಾವು. ಖಾಲಿ ಮಾಡಿ ಕೊಡ್ರಿ, ಅದರಾಗ ಸೇವಂತಿಗಿ ಸಸಿ ಹಚ್ತೇನಿ" ಎಂದಳು.

ಮುಷ್ಟಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಮುಚ್ಚಳಗಳನ್ನು ಮೀಟಿ ತೆಗೆದೆ. ಬಣ್ಣದ ಮೇಲೆ ಕೆನೆ ಕಟ್ಟಿತ್ತು, ಅಡಿಯಲ್ಲಿ ಇನ್ನೂ ಹಸಿ ಇತ್ತು. ಮಣ್ಣಿಗೆ ಸುರಿದರೆ ಗಿಡ ಸಾಯುತ್ತದೆ. ಯಾರೋ ದರ್ಜಿ ಬೋರ್ಡು ಬರೆಸಲು ಕೊಟ್ಟು ತಿರುಗಿ ಬಾರದ ಒಂದು ತಗಡು ಗೋಡೆಗೆ ಒರಗಿತ್ತು. ಅದನ್ನು ಮಲಗಿಸಿ ಅದರ ಮೇಲೆಯೇ ಸುರಿದೆ. ಮೊದಲು ಹಸಿರು, ಆಮೇಲೆ ಹಳದಿ.

ಬಣ್ಣ ಅಂಚಿಗೆ ಹರಿಯತೊಡಗಿತು. ನೆಲಕ್ಕೆ ಬೀಳದಿರಲಿ ಎಂದು ಎರಡೂ ಮುಂಗೈಗಳನ್ನು ತಗಡಿನಡಿಗೆ ತೂರಿಸಿ ಎತ್ತಿದೆ. ಬಣ್ಣ ಈ ಕಡೆ ತಿರುಗಿತು. ಅಭ್ಯಾಸಬಲದಿಂದ ಅದನ್ನು ಒಂದು ನೇರಕ್ಕೆ ತರಲು ನೋಡಿದೆ. ಬರಲಿಲ್ಲ. ಎಡಕ್ಕೆ ವಾಲಿಸಿದರೆ ಹಳದಿ ಹಸಿರಿನ ಅಡಿಗೆ ನುಸುಳಿ, ನಾನು ಎಣಿಸದ ಕಡೆ ಹೊರಬಂತು. ಒಮ್ಮೆ, ಎರಡು ಸಲ ಸರಿ ಮಾಡಲು ಹೆಣಗಿದೆ. ಆಮೇಲೆ ಆ ಹೆಣಗಾಟ ಬಿಟ್ಟೆ. ದಣಿವಾಗಿ ಬಿಟ್ಟೆನೇ ಹೊರತು ಜ್ಞಾನವಾಗಿ ಅಲ್ಲ. ಬಿಟ್ಟ ಮೇಲೂ ಮುಂಗೈಗಳು ವಾಲಿಸುತ್ತಲೇ ಇದ್ದವು. ತಗಡನ್ನು ಕೆಳಗಿಟ್ಟಾಗ ಹತ್ತಿರ ಸಿಕ್ಕ ಡಬ್ಬಿ ಕೆಂಪಿನದು, ಅದನ್ನು ಸುರಿದು ಮತ್ತೆ ಎತ್ತಿದೆ. ಇದು ಚೆನ್ನಾಗಿದೆಯೇ ಎಂದು ಕೇಳಿಕೊಳ್ಳಲಿಲ್ಲ. ಕೆಂಪು ದಪ್ಪವಾಗಿ, ನಿಧಾನವಾಗಿ, ಜೇನಿನ ಹಾಗೆ ನಡೆಯಿತು. ಅದರ ಹಿಂದೆ ನಾನೂ ಬಗ್ಗಿದೆ, ಎದ್ದೆ, ಸುತ್ತ ನಡೆದೆ.

ಬಿಸಿಲು ಹೋದದ್ದು ಗೊತ್ತಾಗಲಿಲ್ಲ. ಖುಷಿಯಾಯಿತು ಎಂದು ಹೇಳಲಾರೆ. ಸಂಜೆ ದೀಪದ ಹತ್ತಿರ ಕೈ ಪರೀಕ್ಷಿಸಲು ಕುಳಿತಾಗ ಒಂದು ಸಂಗತಿ ಹೊಳೆಯಿತು. ಅಷ್ಟು ಹೊತ್ತು ನನಗೆ ಕೈಯ ನೆನಪೇ ಬಂದಿರಲಿಲ್ಲ.

ಶಾಂತಾ ತಗಡನ್ನು ನೋಡಿದಳು. "ಇದೇನ್ರಿ?"

"ಏನೂ ಅಲ್ಲ. ಡಬ್ಬಿ ಖಾಲಿ ಮಾಡಿದೆ."

"ಏನೂ ಅಲ್ಲದ್ದು ಇರ್ಲಿ ಬಿಡ್ರಿ ಒಂದು ಮನ್ಯಾಗ. ಎಲ್ಲಾದಕ್ಕೂ ಏನಾರ ಆಗಬೇಕಂದ್ರ ಹೆಂಗ?" ಎಂದು ಖಾಲಿ ಡಬ್ಬಿಗಳನ್ನು ಎತ್ತಿಕೊಂಡು ಹೋದಳು.

ಮರುದಿನ ಇನ್ನೊಂದು ತಗಡು. ಬಣ್ಣ ಮುಗಿದಾಗ ಸುಣ್ಣಕ್ಕೆ ಬಣ್ಣದ ಪುಡಿ ಕಲೆಸಿದೆ. ಗೋಣಿಯ ತುಂಡನ್ನು ಮುಂಗೈಗೆ ಸುತ್ತಿಕೊಂಡು ತಿಕ್ಕಿದೆ. ಭುಜದಿಂದ ಬರುವ ಗೆರೆ ಬೇರೆ, ಬೆರಳಿನಿಂದ ಬರುವ ಗೆರೆ ಬೇರೆ. ಇಷ್ಟು ವರ್ಷ ಬರೆದೂ ನನಗೆ ಭುಜವಿದೆ ಎಂದೇ ತಿಳಿದಿರಲಿಲ್ಲ. ಏನು ಬರೆಯಬೇಕೆಂದು ಮೊದಲೇ ಯೋಚಿಸಿಕೊಂಡ ದಿನ ಬೇಗ ಬೇಸರ ಬರುತ್ತಿತ್ತು. ಯೋಚಿಸದ ದಿನ ಸಂಜೆಯಾಗುತ್ತಿತ್ತು. ನನಗೆ ಬೇಕಾದದ್ದು ಸಂಜೆಯಾಗುವುದು. ರೋಗಿಗಳಿಗೆ ಈ ಮಾತು ಅರ್ಥವಾಗುತ್ತದೆ.

ಬಸ್ತ್ಯಾಂವನಿಗೆ ಒಂದು ಸಣ್ಣ ತಗಡು ಕೊಟ್ಟೆ. ಮುಂದಿನ ತಿಂಗಳು, "ಹೆಂಡ್ತಿ ಅದನ್ನ ಕೋಳಿ ಗೂಡಿಗೆ ಬಾಗಲಾ ಮಾಡ್ಯಾಳ. ಕೋಳಿ ಗುರತ ಹಿಡದು ಒಳಗ ಹೋಕ್ಕಾವ ನೋಡ್ರಿ" ಎಂದ. ಅದು ನನ್ನ ಮೊದಲ ಮೆಚ್ಚುಗೆ.

ಎರಡನೆಯ ವರ್ಷ ಕಳೆಯುವ ಹೊತ್ತಿಗೆ ಹುಬ್ಬಳ್ಳಿಯ ಅದೇ ಡಾಕ್ಟರು ಹಳಿಯಾಳಕ್ಕೆ ಬಂದು ಮತ್ತೆ ಹತ್ತಿ ಹಿಡಿದರು. ಅಂಗೈಯ ಅಂಚಿನಲ್ಲಿ ಏನೂ ಬದಲಾಗಿರಲಿಲ್ಲ. ಮೊಣಕೈ ಹತ್ತಿರ ಮಾತ್ರ ಎಲ್ಲೋ ದೂರದಿಂದ ಯಾರೋ ಕರೆದಂತೆ ಒಂದು ಸ್ಪರ್ಶ. "ಬ್ಯಾನಿ ಹೋಗೇತಿ. ಗುಳಗಿ ಸಾಕು" ಎಂದರು ಡಾಕ್ಟರು. "ಕೈ ಹಿಂಗ ಉಳೀತೈತಿ. ನೋಡಿಕೋತ ಇರ್ರಿ." ನಾನು ತಲೆಯಾಡಿಸಿದೆ. ಶಾಂತಾ ಜಗಲಿಗೆ ಬಂದವಳೇ ಕಂಬಕ್ಕೆ ಒರಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು. ನಾನು ಎಡಗೈಯನ್ನು ಆ ಬೆನ್ನ ಮೇಲಿಟ್ಟೆ. ಎಡಗೈಗೆ ಅದು ತಿಳಿಯಿತು.

ಆಮೇಲೆ ಮುಂಡಗೋಡದಿಂದ ಶಾಂತಾಳ ಅಣ್ಣ ಹೇಳಿ ಕಳಿಸಿದರು. ಶಾಲೆ ಶುರುವಾಗುವ ಮೊದಲು ಪುಷ್ಪಾಳನ್ನು ಅವರೇ ಕರೆತರುವರೆಂದು.

"ಮುಂದಿನ ಗ್ವಾಡಿಗೆ ಸುಣ್ಣಾ ಹಚ್ಚೂಣ್ರಿ" ಎಂದಳು ಶಾಂತಾ. "ಮಗಳು ಬರೂ ಹೊತ್ತಿಗೆ ಮನಿ ಮನಿಯಂಗ ಇರ್ಲಿ."

ಸುಣ್ಣ ಹೊಡೆಯುವವರು ನಮ್ಮ ಮನೆಗೆ ಬರಲಿಲ್ಲ. ನಾನೇ ಏಣಿ ಹತ್ತಿದೆ. ಬಿಳಿ ಸುಣ್ಣವನ್ನು ಸಮನಾಗಿ ಬಳಿಯಬೇಕೆಂದೇ ಇತ್ತು. ಸ್ವಲ್ಪ ಹೊತ್ತಿನಲ್ಲೇ ಸುಣ್ಣದ ಕುಂಚ ಕೈಜಾರಿ, ಬಿಳುಪು ಹೆಚ್ಚಲೆಂದು ನೀಲಿ ಪುಡಿ ಕಲೆಸಿಟ್ಟಿದ್ದ ಬಕೆಟಿಗೆ ಬಿತ್ತು. ತೆಗೆದು ಮತ್ತೆ ಗೋಡೆಗೆ ಎಳೆದೆ. ಉದ್ದಕ್ಕೂ ನೀಲಿ ಇಳಿಯಿತು. ಒರೆಸಲು ಹೋದವನು ಒರೆಸಲಿಲ್ಲ. ಗೋಣಿ ಸುತ್ತಿಕೊಂಡೆ. ಮೇಲಿನಿಂದ ಮಗ್ಗಿನಲ್ಲಿ ಸುರಿದು, ಹರಿಯಲು ಬಿಟ್ಟು, ಎಲ್ಲಿ ನಿಂತಿತೋ ಅಲ್ಲಿ ಮುಂಗೈಯಿಂದ ಹರವಿದೆ. ಕೆಮ್ಮಣ್ಣು ಕಲೆಸಿ ಸುರಿದೆ. ಹಳದಿ ಸುರಿದೆ. ಹಿತ್ತಲಿನಲ್ಲಿ ಇಷ್ಟು ದಿನ ಯಾರಿಗೂ ಕಾಣದೆ ಮಾಡಿದ್ದು ಈಗ ಓಣಿಗೆ ಮುಖ ಮಾಡಿ ನಿಂತಿತು.

ಎದುರು ಬದಿಯಲ್ಲಿ ಹೋಗುವವರ ಕಾಲು ನಿಧಾನವಾದವು. ನಿಂತವು. ಹಸೀನಾಬಿಯ ಬಾಗಿಲು ಪೂರ್ತಿ ತೆರೆಯಿತು.

"ಯಾ ಅಲ್ಲಾ! ಏನೇ ಶಾಂತಾ ಇದು? ಗ್ವಾಡಿ ವಾಂತಿ ಮಾಡ್ಕೊಂಡಂಗ ಐತಿ!"

ವರ್ಷಕ್ಕೂ ಮೀರಿ ಆ ಮನೆಯಿಂದ ಈ ಮನೆಗೆ ಬಂದ ಮೊದಲ ಮಾತು ಅದು. ಏಣಿಯ ಮೇಲೆ ನಾನು ಅಲುಗದೆ ನಿಂತೆ. ಶಾಂತಾ ಒಳಗಿನಿಂದ ಸೆರಗು ಸಿಕ್ಕಿಸಿಕೊಳ್ಳುತ್ತ ಹೊರಬಂದಳು.

"ನಮ್ಮ ಗ್ವಾಡಿ, ನಮ್ಮ ಬಣ್ಣಾ. ನಿನಗೇನಾಗೇತಿ?"

"ನನಗೇನಾಗೇತಿ ಅಂದ್ರ? ಬೆಳಗಾದ್ರ ಬಾಗಲಾ ತಗದು ನೋಡಾಕಿ ನಾನು! ನೀ ಒಳಗ ಇರ್ತಿ, ನಿನಗ ಕಾಣ್ಸತೈತೇನು ಇದು?"

"ಇಷ್ಟು ದಿನಾ ಬಾಗಲಾ ತಗದು ಈ ಕಡೆ ಎಲ್ಲಿ ನೋಡಿದ್ದಿ ನೀನು? ಈಗ ಕಣ್ಣು ಬಂದೂವೇನು?"

ಹಸೀನಾಬಿಯ ಮುಖ ಕೆಂಪಾಯಿತು. ಆಮೇಲೆ ದನಿ ಇನ್ನೂ ಏರಿತು. "ನೋಡ್ಲಿಲ್ಲ! ಅಂಜಿದ್ದೆ, ನೋಡ್ಲಿಲ್ಲ! ಹಂಗಂತ ಗ್ವಾಡಿ ಹಿಂಗ ಮಾಡೂದೇನು? ಅಲ್ಲಿ ಆ ಮೂಲ್ಯಾಗ ನೋಡು, ಸಗಣಿ ಬಡದಂಗ!" ಎನ್ನುತ್ತ ರಸ್ತೆ ದಾಟಿದಳು. ನಮ್ಮ ಅಂಗಳದೊಳಗೇ ಬಂದು, ಏಣಿಯ ಬುಡದಲ್ಲಿ ನಿಂತು, ಬೆರಳು ಗೋಡೆಗೆ ತಾಗುವಷ್ಟು ಹತ್ತಿರದಿಂದ ತೋರಿಸತೊಡಗಿದಳು. "ಇಲ್ಲಿ. ಇಲ್ಲಿ. ಮತ್ತ ಇಲ್ಲಿ. ಪೇಂಟರ್ ಭಾಯಿ, ನಿಮಗರ ತಿಳೀಬಾರದೇನು?"

ಅವಳು ನನ್ನನ್ನೇ ನೋಡಿ ಕೇಳಿದ್ದಳು. "ಇನ್ನಾ ಹಸಿ ಐತಿ" ಎಂದೆ.

ಶಾಂತಾ ಒಮ್ಮೆಲೆ ತಿರುಗಿ ಒಳಗೆ ಹೋದಳು. ಅಳುತ್ತಿದ್ದಾಳೆ ಎಂದುಕೊಂಡು ನಾನು ಏಣಿ ಇಳಿದು ಹಿಂದೆಯೇ ಹೋದೆ. ಅವಳು ಒಲೆಯ ಮುಂದೆ ನಿಂತಿದ್ದಳು. ಕೂದಲು ಬಿಚ್ಚಿತ್ತು, ಉಸಿರು ಏರಿತ್ತು, ಕಣ್ಣು ಹೊಳೆಯುತ್ತಿದ್ದವು.

"ಎಷ್ಟು ದಿನಾ ಆಗಿತ್ತರಿ, ಯಾರ ಜೋಡೀನೂ ಜಗಳಾ ಆಡಿ" ಎಂದಳು. ಪಾತ್ರೆಗೆ ನೀರು ಹಾಕಿದಳು. "ಚಾ ಇಡಾಕತ್ತೇನಿ."

"ನಮ್ಮಿಬ್ಬರಿಗೇನು?"

"ಮೂರು ಮಂದಿಗೆ. ಆಕಿ ಇನ್ನಾ ಹೊರಗ ನಿಂತಾಳ. ಮುಗದಿಲ್ಲ ಅದು."